ರಾಫ್ಟಿನ ರಾತ್ರಿ ಸೇದಿದ ಸಿಗಾರ್

ಕಾಂಕ್ರೀಟು ಬೀಳುವ ರಾತ್ರಿ ಊಟಕ್ಕೆ ಬಿಡುವಾಗಲಿಲ್ಲ, ಆದರೆ ಮುಕ್ಕಾಲು ಗಂಟೆ ಕೂತು ಸಿಗಾರ್ ಸೇದಿದೆ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ನಂಬಿದರೂ ಕ್ಷಮಿಸುವುದಿಲ್ಲ. ಊಟಕ್ಕೆ ಹತ್ತು ನಿಮಿಷ ಸಾಕಲ್ಲವೇ ಎಂಬ ಅವಳ ಲೆಕ್ಕ ಸರಿಯೇ. ಆದರೆ ಆ ಹತ್ತು ನಿಮಿಷದಲ್ಲಿ ಫೋನು ಬಿಡದೆ ಬಡಿದುಕೊಳ್ಳುತ್ತದೆ. ಚಪಾತಿಯ ಮೊದಲ ತುತ್ತು ಬಾಯಲ್ಲಿರುವಾಗಲೇ ಲಾರಿ ಚಾಲಕನೊಬ್ಬ ಚಲನ್ ಚಾಚಿಕೊಂಡು ಸಹಿಗೆ ನಿಂತಿರುತ್ತಾನೆ. ಸಿಗಾರಿಗೆ ಬಿಡುವು ಸಿಗುವ ಬಗೆಯೇ ಬೇರೆ. ಕೆಲಸ ನಿಂತುಹೋಗಿರಬೇಕು, ಅದನ್ನು ಮತ್ತೆ ಹೊರಡಿಸಲು ನಾನು ಮಾಡಬೇಕಾದ್ದೆಲ್ಲ ಮುಗಿದಿರಬೇಕು, ಇನ್ನು ಕಾಯುವುದೊಂದೇ ಉಳಿದಿರಬೇಕು. ಅಂಥ ಹೊತ್ತಿನಲ್ಲಿ ಅನ್ನವಂತೂ ಗಂಟಲಿನಲ್ಲಿ ಇಳಿಯುವುದಿಲ್ಲ.

ನಾನು ದಿನವೂ ಸೇದುವವನಲ್ಲ. ಸಿಗರೇಟು, ಬೀಡಿ ಮುಟ್ಟುವುದಿಲ್ಲ. ಅಕ್ಕನ ಗಂಡ ಮಸ್ಕತ್‌ನಲ್ಲಿದ್ದಾರೆ. ಊರಿಗೆ ಬರುವಾಗ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಿಂದ ನನಗೆಂದು ಒಂದು ಪೊಟ್ಟಣ ತರುತ್ತಾರೆ. ಕ್ಯೂಬಾದ ರೋಮಿಯೋ ಇ ಹುಲಿಯೆಟಾ, ಎರಡನೆಯ ನಂಬರು. ಒಂದೊಂದೂ ಅಲ್ಯೂಮಿನಿಯಂ ಕೊಳವೆಯೊಳಗೆ ಇರುತ್ತದೆ, ತಿರುಗಣೆ ಮುಚ್ಚಳ. ಸೈಟಿನಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ಅನುಕೂಲದ ವಸ್ತು ಇಲ್ಲ: ಅಂಗಿಯ ಜೇಬಿನಲ್ಲಿಟ್ಟುಕೊಂಡು ಏಣಿ ಹತ್ತಿ ಇಳಿದರೂ ಮುರಿಯುವುದಿಲ್ಲ, ಸಿಮೆಂಟಿನ ಧೂಳು ಒಳಗೆ ಹೋಗುವುದಿಲ್ಲ. ಸಿಗಾರಿನ ದಪ್ಪವನ್ನು ಇಂಚಿನ ಅರವತ್ತನಾಲ್ಕನೇ ಭಾಗಗಳಲ್ಲಿ ಹೇಳುವುದು ವಾಡಿಕೆ; ಇದರ ದಪ್ಪ 42. ಅಂದರೆ ಹದಿನಾರು ಎಂ.ಎಂ. ಕಂಬಿಗಿಂತ ಒಂದು ಎಳೆ ಹೆಚ್ಚು. ಉದ್ದ 129 ಮಿಲಿಮೀಟರ್. ಬಾರ್ ಬೆಂಡರ್‌ಗಳ ನಡುವೆ ಬದುಕುವವನಿಗೆ ಬೇರೆ ಯಾವ ವಿವರಣೆಯೂ ಬೇಕಿಲ್ಲ.

ಭಾವ ತಂದದ್ದು ಮುಗಿದರೆ ತಿರುಚಿರಾಪಳ್ಳಿಯ ಉರೈಯೂರಿನ ಸುರುಟ್ಟು. ಬ್ರಿಟಿಷರ ಕಾಲದಲ್ಲಿ ಅದು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದ ಮಾಲು. ಎರಡೂ ತುದಿ ಮೊದಲೇ ತೆರೆದಿರುತ್ತದೆ, ಕತ್ತರಿಸುವ ಗೋಜಿಲ್ಲ. ಬೆಲೆಯಲ್ಲಿ ಕ್ಯೂಬಾದ ಸಿಗಾರಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ರುಚಿಯಲ್ಲಿಯೂ ಇಲ್ಲ ಎಂದು ಭಾವ ಹೇಳುತ್ತಾರೆ. ಒಳ್ಳೆಯ ಸುರುಟ್ಟು ಕೈಗೆ ಬಂದ ದಿನ ನಾನು ಆ ಮಾತನ್ನು ಒಪ್ಪುವುದಿಲ್ಲ.

ಈಗ ರಾಫ್ಟಿನ ವಿಷಯ. ಸರ್ಜಾಪುರ ರಸ್ತೆಯ ಕಡೆ ಬಹುಮಹಡಿ ವಸತಿ ಕಟ್ಟಡವೊಂದರ ಕೆಲಸದಲ್ಲಿದ್ದೇನೆ. ಅಂಥ ಕಟ್ಟಡದ ಅಡಿಪಾಯವೆಂದರೆ ಈಗ ಒಂದೊಂದು ಕಂಬಕ್ಕೊಂದು ಗುಂಡಿಯಲ್ಲ, ಇಡೀ ಕಟ್ಟಡದಡಿಗೆ ಹಾಸಿದ ಒಂದೇ ಚಪ್ಪಡಿ. ಅದೇ ರಾಫ್ಟು. ನಮ್ಮದು 1.8 ಮೀಟರ್ ದಪ್ಪ, ನನ್ನ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು 1,260 ಘನ ಮೀಟರ್. ಒಂದು ಮಿಕ್ಸರ್ ಲಾರಿ ತರುವುದು ಆರು ಘನ ಮೀಟರ್, ಆದ್ದರಿಂದ 210 ಲಾರಿ. ಇಷ್ಟನ್ನೂ ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಹಾಕಬೇಕು. ಎರಡು ಬೂಮ್ ಪಂಪ್ ನಿಲ್ಲಿಸಿದರೂ ಹದಿನೆಂಟು ಗಂಟೆಯ ಕೆಲಸ. ಹಗಲು ದಟ್ಟಣೆಯ ಹೊತ್ತಿನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ದೊಡ್ಡ ಲಾರಿಗಳಿಗೆ ನಿರ್ಬಂಧವಿದೆ, ಇಲ್ಲದಿದ್ದರೂ ಸರ್ಜಾಪುರ ರಸ್ತೆಯ ಸಂಜೆಯಲ್ಲಿ ಲಾರಿಯೊಳಗಿನ ಕಾಂಕ್ರೀಟು ಲಾರಿಯಲ್ಲೇ ಕಲ್ಲಾಗುತ್ತದೆ. ಹಾಗಾಗಿ ಇಂಥ ಕೆಲಸಕ್ಕೆ ಶನಿವಾರ ರಾತ್ರಿಯೇ ಮುಹೂರ್ತ. ಎಂಟು ಗಂಟೆಗೆ ಶುರು, ಭಾನುವಾರ ಮಧ್ಯಾಹ್ನಕ್ಕೆ ಮುಗಿತಾಯ, ದೇವರು ಮತ್ತು ಕಾಂಕ್ರೀಟು ಕಲಸುವ ಬ್ಯಾಚಿಂಗ್ ಪ್ಲಾಂಟು ಮನಸ್ಸು ಮಾಡಿದರೆ.

ನಡುವೆ ನಿಲ್ಲಿಸಬಾರದು ಏಕೆ ಎಂದು ಮನೆ ಕೊಳ್ಳುವವರು ಕೇಳುವುದಿಲ್ಲ. ಅವರು ಕೇಳುವುದು ಟೈಲ್ಸಿನ ಬಣ್ಣ. ಹಾಕಿದ ಕಾಂಕ್ರೀಟು ಬಿಗಿಯತೊಡಗಿದ ಮೇಲೆ ಅದರ ಮೇಲೆ ಹೊಸದನ್ನು ಸುರಿದರೆ ಎರಡೂ ಒಂದಾಗುವುದಿಲ್ಲ. ನಡುವೆ ಒಂದು ಬೆಸುಗೆಯಿಲ್ಲದ ಗೆರೆ ಉಳಿಯುತ್ತದೆ. ಅದೇ ಕೋಲ್ಡ್ ಜಾಯಿಂಟ್. ನೆಲದಡಿಯ ನೀರಿಗೆ ಅದೇ ಬಾಗಿಲು. ಇಪ್ಪತ್ತು ಚಿಲ್ಲರೆ ಮಹಡಿಯ ಭಾರ ಹೊರುವ ಚಪ್ಪಡಿಯಲ್ಲಿ ಅಂಥ ಗೆರೆ ಬಿದ್ದರೆ ಅದನ್ನು ಆಮೇಲೆ ಯಾವ ರಾಸಾಯನಿಕ ತುಂಬಿ ಮುಚ್ಚಿದರೂ ನನ್ನ ನಿದ್ದೆಗೆ ಅದು ತೆರೆದೇ ಇರುತ್ತದೆ.

ಇನ್ನೊಂದು ತಲೆನೋವು ಶಾಖ. ಸಿಮೆಂಟು ನೀರಿನೊಡನೆ ಸೇರಿದಾಗ ಬಿಸಿ ಹುಟ್ಟುತ್ತದೆ. ತೆಳ್ಳಗಿನ ಮಾಳಿಗೆಯಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ. ಸುಮಾರು ಆರು ಅಡಿ ದಪ್ಪದ ಚಪ್ಪಡಿಯ ಹೊಟ್ಟೆಯಿಂದ ಅದಕ್ಕೆ ಹೊರಗೆ ಬರಲು ದಾರಿಯಿಲ್ಲ. ಒಳಗಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು. ದಾಟಿದರೆ ವರ್ಷಗಳ ನಂತರ ಒಳಗೇ ಹರಳುಗಳು ಬೆಳೆದು ಕಾಂಕ್ರೀಟನ್ನು ಒಡೆಯುವ ಅಪಾಯವಿದೆ. ಒಳಗಿನದಕ್ಕೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರವೂ ಇರಬಾರದು. ಇದ್ದರೆ ಮೇಲ್ಮೈ ಸೀಳುತ್ತದೆ. ಅದಕ್ಕಾಗಿ ಅರ್ಧದಷ್ಟು ಸಿಮೆಂಟಿನ ಬದಲು ಉಕ್ಕಿನ ಕಾರ್ಖಾನೆಯ ಊದುಕುಲುಮೆಯ ಗಸಿಯ ಪುಡಿ ಹಾಕುತ್ತೇವೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂಥ ಕಡೆ ಉಕ್ಕಿನ ಜೊತೆಗೆ ಹುಟ್ಟುವ ಮಾಲು ಅದು, ನಿಧಾನವಾಗಿ ಬಿಗಿಯುತ್ತದೆ, ಕಡಿಮೆ ಬಿಸಿಯಾಗುತ್ತದೆ. ಕಲಸುವ ನೀರಿನಲ್ಲಿ ಒಂದು ಪಾಲು ಮಂಜುಗಡ್ಡೆ. ಚಪ್ಪಡಿಯ ತಳದಲ್ಲಿ, ನಡುವೆ, ಮೇಲ್ಮೈಯ ಎರಡಿಂಚು ಕೆಳಗೆ ತಂತಿಗಳನ್ನು ಹುದುಗಿಸಿ ಅವುಗಳ ತುದಿಯನ್ನು ಹೊರಗೆ ಎಳೆದುಕೊಂಡಿರುತ್ತೇವೆ, ಒಳಗೆ ಎಷ್ಟು ಡಿಗ್ರಿ ಎಂದು ಓದಲು.

ಆ ಶನಿವಾರ ರಾತ್ರಿ ಒಂದೂವರೆಯವರೆಗೆ ಎಲ್ಲವೂ ಮದುವೆ ಮನೆಯ ಪಂಕ್ತಿಯಂತೆ ನಡೆದಿತ್ತು. ಲಾರಿ ಬರುತ್ತದೆ, ಕಾಂಕ್ರೀಟಿನ ಹದ ತೋರಿಸುವ ಸ್ಲಂಪ್ ನೋಡುತ್ತೇವೆ, ಉಷ್ಣಮಾಪಕ ಚುಚ್ಚುತ್ತೇವೆ, 27 ಡಿಗ್ರಿ, ಹೋಗು. ಮುಂದಿನದು 28, ಹೋಗು. ಒಂದು 31 ತೋರಿಸಿತು, ವಾಪಸ್ಸು. ಚಾಲಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಒಂದು ನಲವತ್ತಕ್ಕೆ ಪ್ಲಾಂಟಿನಿಂದ ಫೋನು. ಜಲ್ಲಿ ಸಾಗಿಸುವ ಕನ್ವೇಯರ್ ಬೆಲ್ಟು ಹರಿದಿದೆ. ಜೋಡಿಸಲು ಮೂರು ಗಂಟೆ ಬೇಕು. ಹೇಳುತ್ತಿದ್ದವನ ದನಿಯಲ್ಲಿ ಅವಸರವೇನೂ ಇರಲಿಲ್ಲ, ಹಾಲಿನವನು ನಾಳೆ ಬರುವುದಿಲ್ಲ ಎಂದು ಹೇಳಿದ ಹಾಗಿತ್ತು. ಒಪ್ಪಂದದಲ್ಲಿ ಎರಡನೆಯ ಪ್ಲಾಂಟೊಂದು ಸಿದ್ಧವಾಗಿರಬೇಕು ಎಂದು ಬರೆದಿದೆ. ಸಿದ್ಧವೆಂದರೆ ಅವರ ಅರ್ಥದಲ್ಲಿ, ಕಟ್ಟಡ ಅಲ್ಲಿ ಇದೆ, ಗೇಟಿಗೆ ಬೀಗ ಇದೆ, ಬೀಗದ ಕೈ ಇರುವವನು ನಿದ್ದೆ ಮಾಡುತ್ತಿದ್ದಾನೆ.

ಮುಂದಿನ ಇಪ್ಪತ್ತು ನಿಮಿಷ ಫೋನಿನಲ್ಲಿ ನಾನು ಆಡಿದ ಮಾತುಗಳಿಂದ ಮೂವರು ಎದ್ದರು, ಒಬ್ಬರು ಬೈಕ್ ಹತ್ತಿದರು, ಪ್ಲಾಂಟಿನ ದೀಪ ಹೊತ್ತಿತು. ಮೊದಲ ಲಾರಿ ತುಂಬಿ ನಮ್ಮಲ್ಲಿಗೆ ಬರಲು ಇನ್ನೂ ಒಂದು ಗಂಟೆ ಎಂದರು. ಗೇಟಿನ ಬಳಿ ಎರಡು ತುಂಬಿದ ಲಾರಿ ನಿಂತಿದ್ದವು. ಅವುಗಳ ಚಲನ್‌ನಲ್ಲಿ ಬ್ಯಾಚಿಂಗ್ ಸಮಯ ಒಂದು ಐದು ಮತ್ತು ಒಂದು ಹದಿನೈದು. ಸಿದ್ಧ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926 ಎರಡು ಗಂಟೆಯ ಗಡುವು ಕೊಡುತ್ತದೆ. ಅಂದರೆ ನನ್ನ ಕೈಯಲ್ಲಿ ಹನ್ನೆರಡು ಘನ ಮೀಟರ್, ಮೂರು ಗಂಟೆಯವರೆಗೆ. ಅದನ್ನು ಒಂದೇ ಕಡೆ ಸುರಿದು ಮುಗಿಸುವ ಬದಲು, ಎಲ್ಲಕ್ಕಿಂತ ಮೊದಲು ಹಾಕಿ ತೆರೆದುಬಿಟ್ಟಿದ್ದ ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಹರಡುತ್ತ ಹೋಗಬೇಕು. ಪಂಪಿನ ಕೊಳವೆಯಲ್ಲಿ ಉಳಿದದ್ದು ಅಲ್ಲೇ ಕಚ್ಚಿಕೊಳ್ಳದ ಹಾಗೆ ಆಪರೇಟರು ಐದಾರು ನಿಮಿಷಕ್ಕೊಮ್ಮೆ ಅದನ್ನು ಹಿಂದೆ ಎಳೆದು ಮುಂದೆ ತಳ್ಳುತ್ತಿರಬೇಕು.

ಅಂಚಿನ ಉಸ್ತುವಾರಿ ನಮ್ಮ ಜೂನಿಯರ್ ಎಂಜಿನಿಯರಳದು. ದಾವಣಗೆರೆಯ ಹುಡುಗಿ, ಮಾತು ಕಡಿಮೆ, ಕಣ್ಣು ಹೆಚ್ಚು. ಕಾಂಕ್ರೀಟು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಸೈಟಿನಲ್ಲಿ ಒಂದು ಸರಳ ಉಪಾಯವಿದೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಓಡುತ್ತಿರುವ ನೀಡಲ್ ಅನ್ನು ಸುಮ್ಮನೆ ಅದರ ಮೇಲಿಡಬೇಕು. ತನ್ನ ಭಾರಕ್ಕೇ ಅದು ಇಳಿದು, ನಿಧಾನವಾಗಿ ಎತ್ತಿದಾಗ ಅದು ಬಿಟ್ಟ ರಂಧ್ರ ಮುಚ್ಚಿಕೊಂಡರೆ ಹೊಸ ಪದರ ಹಳೆಯದರೊಡನೆ ಬೆರೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹಾಗೆ ನೋಡಿ ವಾಕಿಟಾಕಿಯಲ್ಲಿ ಹೇಳು ಎಂದೆ.

"ನೀವು ಇಲ್ಲೇ ನಿಂತರೆ ಏನೂ ಬದಲಾಗುವುದಿಲ್ಲ ಸರ್," ಎಂದಳು. ಅದು ಗೌರವದ ಮಾತೋ ಅಲ್ಲವೋ ತಿಳಿಯಲಿಲ್ಲ. ಸರಿಯಾದ ಮಾತಂತೂ ಹೌದು. ಹಿರಿಯನೊಬ್ಬ ಬೆನ್ನ ಹಿಂದೆ ಕಾಲು ಬದಲಿಸುತ್ತ ನಿಂತರೆ ವೈಬ್ರೇಟರ್ ಹಿಡಿದವನು ಕೆಲಸ ಬಿಟ್ಟು ಹಿರಿಯನ ಮುಖ ನೋಡುತ್ತಾನೆ.

ನಮ್ಮ ಸೈಟಿನಲ್ಲಿ ಸೇದಲು ಜಾಗ ಒಂದೇ: ಕಾವಲುಗಾರರ ಕೋಣೆಯ ಪಕ್ಕ, ಮರಳು ತುಂಬಿದ ಬಕೆಟ್ ಇಟ್ಟ ಕಲ್ಲುಬೆಂಚು. ಡೀಸೆಲ್ ಡ್ರಮ್ಮುಗಳಿಂದಲೂ ಪ್ಲೈವುಡ್ ರಾಶಿಯಿಂದಲೂ ದೂರ. ಅಲ್ಲಿಂದ ಗುಂಡಿ ಪೂರ್ತಿ ಕಾಣುತ್ತದೆ. ಎರಡು ಗಂಟೆ ಐದು ನಿಮಿಷಕ್ಕೆ ಕೊಳವೆಯ ಮುಚ್ಚಳ ತಿರುವಿದೆ.

ಸಿಗಾರ್ ಕತ್ತರಿಸುವ ಪುಟ್ಟ ಯಂತ್ರ ಭಾವನ ಬಳಿ ಇದೆ, ಬೆಳ್ಳಿ ಬಣ್ಣದ್ದು. ನನ್ನ ಬಳಿ ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್. ಮುಚ್ಚಿದ ತುದಿಯ ಟೊಪ್ಪಿಗೆಯನ್ನು ಎರಡು ಮಿಲಿಮೀಟರ್‌ನಷ್ಟು ಮಾತ್ರ ತೆಗೆಯಬೇಕು, ಹೆಚ್ಚು ಕೊಯ್ದರೆ ಹೊರಗಿನ ಎಲೆ ಬಿಚ್ಚಿಕೊಳ್ಳುತ್ತದೆ. ಬೆಂಕಿಕಡ್ಡಿ ಗೀರಿ ಮದ್ದಿನ ವಾಸನೆ ಹೋಗುವವರೆಗೆ ಕಾದು, ಜ್ವಾಲೆಯನ್ನು ತಾಗಿಸದೆ ಅದರ ಮೇಲೆ ಸಿಗಾರಿನ ಪಾದವನ್ನು ತಿರುಗಿಸುತ್ತ ಹದವಾಗಿ ಕಾಯಿಸಬೇಕು. ಅಂಚು ಸುತ್ತಲೂ ಸಮನಾಗಿ ಕೆಂಪಾದ ಮೇಲೆಯೇ ಎಳೆಯುವುದು. ಗಾಳಿ ಇದ್ದರೆ ಮೂರು ನಾಲ್ಕು ಕಡ್ಡಿ ಖರ್ಚು. ಅಷ್ಟರಲ್ಲಿ ಕೈ ನಡುಗುವುದು ನಿಂತಿರುತ್ತದೆ. ನಡುಗುವ ಕೈಯಲ್ಲಿ ಇದು ಆಗುವ ಕೆಲಸವೇ ಅಲ್ಲ.

ಹೊಗೆಯನ್ನು ಎದೆಗೆ ಇಳಿಸುವುದಿಲ್ಲ, ಬಾಯಲ್ಲಿ ಹೊರಳಿಸಿ ಬಿಡುವುದು. ನಿಮಿಷಕ್ಕೊಂದು ಎಳೆತ. ಅವಸರಪಟ್ಟು ಎಳೆದರೆ ಕೆಂಡ ಮಿತಿಮೀರಿ ಕಾದು ಹೊಗೆ ಕಹಿಯಾಗುತ್ತದೆ, ಎಲ್ಲೋ ಒಂದು ಪಕ್ಕ ಮಾತ್ರ ಉರಿದು ಸೊಟ್ಟಗಾಗುತ್ತದೆ. ಮರೆತು ಬಿಟ್ಟರೆ ಆರಿಹೋಗುತ್ತದೆ. ಅವಸರಕ್ಕೂ ಮರೆವಿಗೂ ನಡುವಿನ ಈ ಲಯ ಹಿಡಿದುಕೊಂಡರೆ ಕಿವಿಯ ಒಂದು ಭಾಗ ವಾಕಿಟಾಕಿಗೆ ಇಟ್ಟುಕೊಂಡೂ ಉಳಿದ ತಲೆ ಸ್ವಲ್ಪ ತಣ್ಣಗಾಗುತ್ತದೆ. ಸಿಗರೇಟಿನವರು ಐದು ನಿಮಿಷದಲ್ಲಿ ಮುಗಿಸಿ ಇನ್ನೊಂದು ಹಚ್ಚುವುದನ್ನು ಇಂಥ ರಾತ್ರಿಗಳಲ್ಲಿ ಬಹಳ ನೋಡಿದ್ದೇನೆ. ಅವರ ಆತಂಕಕ್ಕೆ ಅದು ತುಪ್ಪ ಹೊಯ್ಯುತ್ತದೆಯೇ ಹೊರತು ನೀರನ್ನಲ್ಲ ಎಂಬುದು ನನ್ನ ಅಭಿಪ್ರಾಯ.

"ಸರ್, ಇಳಿಯುತ್ತಿದೆ. ಮುಚ್ಚಿಕೊಳ್ಳುತ್ತಿದೆ." ಎರಡು ಹದಿನೈದು.

ಆ ಹೊತ್ತಿಗೆ ಬೆಂಚಿನ ಇನ್ನೊಂದು ತುದಿಗೆ ಮಾಮ್ಮ ಬಂದು ಕೂತರು. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಾರೆ, ನಾನೂ. ಶ್ರೀಕಾಕುಳಂ ಕಡೆಯವರು. ಅವರ ಮಗ ವೈಬ್ರೇಟರ್ ತಂಡದಲ್ಲಿದ್ದಾನೆ. ಕಾಂಕ್ರೀಟಿನ ರಾತ್ರಿ ಶೆಡ್ಡಿನಲ್ಲಿ ಅವರಿಗೂ ನಿದ್ದೆ ಬರುವುದಿಲ್ಲ, ಮಗನಿಗೆ ಚಹಾ ಹಿಡಿದುಕೊಂಡು ಬರುತ್ತಾರೆ. ಸೆರಗಿನ ಗಂಟಿನಿಂದ ಚುಟ್ಟಾ ತೆಗೆದರು. ಒರಟಾಗಿ ಸುತ್ತಿ ದಾರ ಕಟ್ಟಿದ ಕಪ್ಪು ಎಲೆ. ಹಚ್ಚಿ, ಎರಡು ಸಲ ಎಳೆದು, ಆಮೇಲೆ ಅದನ್ನು ತಿರುಗಿಸಿ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ತುಟಿ ಮುಚ್ಚಿದರು.

ಮೊದಲ ಸಲ ನೋಡಿದಾಗ ನಾನು ಎದ್ದು ನಿಂತಿದ್ದೆ. ಆಂಧ್ರದ ಉತ್ತರ ಕರಾವಳಿಯಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ ಇದು ಹಳೆಯ ರೂಢಿ. ಅಡ್ಡ ಪೊಗ ಎನ್ನುತ್ತಾರೆ. ಕೆಂಡ ಒಳಗಿರುವುದರಿಂದ ಕಡಲಿನ ಗಾಳಿಗೆ ಆರುವುದಿಲ್ಲ, ನಿಧಾನವಾಗಿ ಉರಿಯುತ್ತದೆ, ಒಂದೇ ಚುಟ್ಟಾ ಬಹಳ ಹೊತ್ತು ಬರುತ್ತದೆ. ನಾಟಿ ಮಾಡುವಾಗ, ಮೀನು ವಿಂಗಡಿಸುವಾಗ ಎರಡೂ ಕೈ ಖಾಲಿ. ಆ ಶಾಖಕ್ಕೆ ಅಂಗುಳು ಬಿಳಿಚಿಕೊಂಡು ದಪ್ಪವಾಗುತ್ತದೆ, ಅಂಗುಳಿನ ಕ್ಯಾನ್ಸರ್ ಆ ಭಾಗದಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿದೆ. ಇದನ್ನು ವೈದ್ಯರು ದಶಕಗಳ ಹಿಂದೆಯೇ ಅಧ್ಯಯನ ಮಾಡಿ ಬರೆದಿದ್ದಾರೆ. ಸೈಟಿನ ಆರೋಗ್ಯ ತಪಾಸಣೆಯ ದಿನ ವೈದ್ಯೆಯೊಬ್ಬರು ಟಾರ್ಚು ಹಾಕಿ ನೋಡಿ ಮಾಮ್ಮನಿಗೂ ಇದನ್ನೇ ಹೇಳಿದ್ದರು. ಪರೀಕ್ಷೆಗೆ ಹೋಗಿಬನ್ನಿ ಎಂದು ನಾನೂ ಆಟೋ ಮಾಡಿಸಿ ಕಳಿಸಿದ್ದೆ. ಸದ್ಯಕ್ಕೆ ಕೆಟ್ಟದ್ದೇನೂ ಇಲ್ಲ, ಬಿಟ್ಟುಬಿಡಿ ಎಂದರಂತೆ. ಅರ್ಧ ಬಿಟ್ಟಿದ್ದೇನೆ ಎಂದು ಮಾಮ್ಮ ಹೇಳುತ್ತಾರೆ. ಉಳಿದ ಅರ್ಧ ಆಗ ಅವರ ಬಾಯಲ್ಲಿತ್ತು. ಬೆರಳ ಸಂದಿಯಲ್ಲಿ ಸಿಗಾರ್ ಹಿಡಿದುಕೊಂಡು ಅವರಿಗೆ ಬುದ್ಧಿ ಹೇಳುವ ಮುಖ ನನಗೂ ಇರಲಿಲ್ಲ. ಎದೆಗೆ ಇಳಿಸದಿದ್ದರೂ ಬಾಯಿ, ಗಂಟಲಿನ ಮಟ್ಟಿಗೆ ಸಿಗಾರೇನೂ ಸಾಧುವಲ್ಲ ಎಂಬುದು ನನಗೆ ಗೊತ್ತು.

ನನ್ನ ಸಿಗಾರ್ ಇಸಿದುಕೊಂಡು ಮೂಸಿ ನೋಡಿದರು. ತಮ್ಮ ತೆಲುಗಿನಲ್ಲಿ ಏನೋ ಹೇಳಿ ವಾಪಸ್ಸು ಕೊಟ್ಟರು. ನನಗೆ ಅರ್ಥವಾದದ್ದು ಇಷ್ಟು: ಘಾಟೇ ಇಲ್ಲ, ದಪ್ಪ ಬೇರೆ, ಇದನ್ನು ತಿರುಗಿಸಿ ಇಟ್ಟುಕೊಳ್ಳುವುದು ಹೇಗೆ? ಎಷ್ಟು ದುಡ್ಡು ಎಂದು ಕೇಳಿದರು. ಭಾವ ಕೊಟ್ಟದ್ದು, ಗೊತ್ತಿಲ್ಲ ಎಂದೆ. ಗೊತ್ತಿತ್ತು. ಆ ಮೊತ್ತವನ್ನು ಆ ಬೆಂಚಿನ ಮೇಲೆ ಹೇಳಲು ಬಾಯಿ ಬರಲಿಲ್ಲ.

"ಇಳಿಯುತ್ತಿದೆ ಸರ್. ಸ್ವಲ್ಪ ನಿಧಾನ. ಆದರೆ ಮುಚ್ಚಿಕೊಳ್ಳುತ್ತಿದೆ." ಎರಡು ಇಪ್ಪತ್ತೈದು. ಮೊದಲನೆಯ ಲಾರಿ ಅರ್ಧ ಖಾಲಿಯಾಗಿತ್ತು. ಎದ್ದು ಹೋಗಬೇಕೆನ್ನಿಸಿತು. ಪ್ಲಾಂಟಿಗೆ ಫೋನು ಮಾಡಿದೆ. ಲಾರಿ ತುಂಬುತ್ತಿದೆ ಎಂದರು. ತುಂಬುವ ಸದ್ದು ಕೇಳಿಸು ಎಂದೆ. ಕೇಳಿಸಿದರು. ಕೂತೆ.

ಎರಡನೆಯ ಭಾಗಕ್ಕೆ ಬಂದಾಗ ಸಿಗಾರಿನ ರುಚಿ ಬದಲಾಗುತ್ತದೆ. ಶುರುವಿನಲ್ಲಿ ಒಣ ಹುಲ್ಲಿನ, ಹೊಸ ಹಲಗೆಯ ವಾಸನೆ. ನಡುವೆ ಒಂದು ಸಿಹಿ ಬಂದು ಸೇರುತ್ತದೆ. ಆ ಸಿಹಿ ನನಗೆ ಚೆನ್ನಾಗಿ ಪರಿಚಿತ. ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದವನು ನಾನು. ಆಗಸ್ಟ್ ತಿಂಗಳೆಂದರೆ ಇಡೀ ಊರು ಹಾಗೆಯೇ ನಾರುತ್ತಿತ್ತು, ಅಥವಾ ಪರಿಮಳಿಸುತ್ತಿತ್ತು. ಆ ವರ್ಷ ಕಗ್ಗುಂಡಿಯ ಹರಾಜಿನಲ್ಲಿ ಕಿಲೋಗೆ ಎಷ್ಟು ಸಿಕ್ಕಿತು ಎಂಬುದರ ಮೇಲೆ ಹೋಗುತ್ತದೆ.

ನಮ್ಮದು ವರ್ಜೀನಿಯಾ ಸೊಪ್ಪು, ಸಿಗರೇಟಿನದು. ಹಸಿರೆಲೆಯನ್ನು ಕೋಲುಗಳಿಗೆ ಕಟ್ಟಿ, ಸೊಪ್ಪು ಹದ ಮಾಡುವ ಬ್ಯಾರನ್ನಿನೊಳಗೆ ಅಟ್ಟ ಅಟ್ಟವಾಗಿ ತೂಗುಹಾಕುತ್ತಾರೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ಹಾದುಹೋಗುವ ಕಬ್ಬಿಣದ ಕೊಳವೆ. ಹೊಗೆ ಎಲೆಗೆ ತಾಗಬಾರದು, ಶಾಖ ಮಾತ್ರ ತಾಗಬೇಕು. ಐದಾರು ದಿನ, ಹಗಲೂ ರಾತ್ರಿ. ಬಾಗಿಲ ಪಕ್ಕದ ಪುಟ್ಟ ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ಕಾಣುತ್ತಿತ್ತು, ಫ್ಯಾರನ್‌ಹೀಟಿನದು. ಎಲೆ ಹಳದಿಯಾಗುವವರೆಗೆ 95ರಿಂದ 105ರೊಳಗೆ. ಆಮೇಲೆ ಮೆಲ್ಲಗೆ ಏರಿಸುತ್ತ, ಕೊನೆಗೆ ಎಲೆಯ ನಡುವಿನ ದಂಟು ಒಣಗಲು 160. ಅವಸರದಲ್ಲಿ ಬೇಗ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ತಡಮಾಡಿದರೆ ಹಳದಿ ಹೋಗಿ ಕಂದಾಗುತ್ತದೆ. ಒಣಗಿದ ಒಂದು ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು. ಅಪ್ಪ ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದರು, ಮಲಗುತ್ತಿದ್ದರು ಎಂದರೆ ಕಣ್ಣು ಮುಚ್ಚುತ್ತಿದ್ದರು ಅಷ್ಟೆ. ಗಂಟೆಗೊಮ್ಮೆ ಎದ್ದು ಟಾರ್ಚು ಹಾಕಿ ಕಿಂಡಿಯಲ್ಲಿ ನೋಡಿ, ಒಂದು ಕೊರಡು ತಳ್ಳಿಯೋ ಎಳೆದೋ ಮತ್ತೆ ಒರಗುತ್ತಿದ್ದರು. ನನ್ನ 70 ಸೆಲ್ಸಿಯಸ್ ಎಂದರೆ ಅವರ ಅಳತೆಯಲ್ಲಿ 158. ಅವರ ದಂಟು ಒಣಗುವ ಹಂತಕ್ಕೂ ನನ್ನ ಚಪ್ಪಡಿಯ ಮಿತಿಗೂ ಎರಡೇ ಡಿಗ್ರಿ ಅಂತರ.

ಅಪ್ಪ ಜೀವಮಾನದಲ್ಲಿ ಒಂದೂ ಬೀಡಿ ಸೇದಿದವರಲ್ಲ. ಎಲೆಯಡಿಕೆ ಹಾಕುತ್ತಾರೆ, ಅದಕ್ಕೂ ಹೊಗೆಸೊಪ್ಪು ಬೇಡ. ಮಳೆಯಲ್ಲಿ ನೆನೆದ ಎಲೆ ಕಿತ್ತ ದಿನ ಅಮ್ಮನಿಗೆ ತಲೆಸುತ್ತು, ವಾಂತಿ. ದೃಷ್ಟಿಯಾಯಿತು ಎಂದು ಅಜ್ಜಿ ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ ಎಂಬುದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಅಪ್ಪ ಹದ ಮಾಡಿದ ಎಲೆ ಎಷ್ಟೇ ಹೊಂಬಣ್ಣದ್ದಾಗಿದ್ದರೂ ಸಿಗಾರಿಗೆ ಬರುವುದಿಲ್ಲ. ಬೆಂಕಿಯ ಶಾಖದಲ್ಲಿ ಬೇಗ ಒಣಗಿಸುವುದರಿಂದ ಅದರಲ್ಲಿ ಸಕ್ಕರೆ ಉಳಿಯುತ್ತದೆ, ಹೊಗೆ ಆಮ್ಲೀಯವಾಗುತ್ತದೆ. ಅಂಥ ಹೊಗೆಯನ್ನು ಎದೆಗೆ ಎಳೆದರೆ ಮಾತ್ರ ನಿಕೋಟಿನ್ ರಕ್ತ ಸೇರುತ್ತದೆ. ಸಿಗಾರಿನ ಎಲೆಯನ್ನು ಚಪ್ಪರದಡಿ ಗಾಳಿಗೆ ವಾರಗಟ್ಟಲೆ ಒಣಗಿಸುತ್ತಾರೆ. ಸಕ್ಕರೆಯೆಲ್ಲ ಹೋಗಿ ಹೊಗೆ ಕ್ಷಾರೀಯವಾಗುತ್ತದೆ, ಬಾಯಿಯ ಒಳಪದರವೇ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಎಲೆಗಳನ್ನು ಸ್ವಲ್ಪ ತೇವ ಮಾಡಿ ಆಳೆತ್ತರಕ್ಕೆ ಒಟ್ಟುತ್ತಾರೆ. ಯಾರೂ ಬೆಂಕಿ ಹಚ್ಚದೆಯೇ ಆ ರಾಶಿಯ ಹೊಟ್ಟೆ ಕಾಯತೊಡಗುತ್ತದೆ. ಉದ್ದನೆಯ ಥರ್ಮಾಮೀಟರನ್ನು ರಾಶಿಯೊಳಕ್ಕೆ ಚುಚ್ಚಿ ನೋಡುತ್ತಿರುತ್ತಾರೆ. 45 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಂದರೆ ಇಡೀ ರಾಶಿಯನ್ನು ಬಿಚ್ಚಿ, ಒಳಗಿನದನ್ನು ಹೊರಗೆ ಹಾಕಿ ಮತ್ತೆ ಒಟ್ಟುತ್ತಾರೆ. ಹೀಗೆ ತಿಂಗಳುಗಟ್ಟಲೆ.

ಹಾಗೆ ನೋಡಿದರೆ ನನ್ನ ರಾಫ್ಟು ಅಪ್ಪನ ಬ್ಯಾರನ್ನಿಗಿಂತ ಕ್ಯೂಬಾದವರ ಆ ರಾಶಿಗೇ ಹತ್ತಿರ. ಅಪ್ಪನ ಶಾಖ ಹೊರಗಿನದು, ಕೊರಡು ಎಳೆದರೆ ತಗ್ಗುತ್ತಿತ್ತು. ನನ್ನದು ಒಳಗೆ ತಾನೇ ಹುಟ್ಟುವಂಥದ್ದು. ರಾಶಿಯನ್ನಾದರೂ ಬಿಚ್ಚಿ ತಿರುವಿಹಾಕಬಹುದು. ಮೂರು ಸಾವಿರ ಟನ್ ಕಾಂಕ್ರೀಟನ್ನು ಒಮ್ಮೆ ಹಾಕಿದ ಮೇಲೆ ತಿರುವಿಹಾಕುವುದು ಎಲ್ಲಿಂದ? ಕಲಸುವಾಗಲೇ ಎಲ್ಲ ಲೆಕ್ಕ ಮುಗಿದಿರಬೇಕು. ಆಮೇಲೆ ಕಿಂಡಿಯಲ್ಲಿ ನೋಡಬಹುದು, ಅಷ್ಟೆ.

"ಸರ್, ಇಳಿಯುತ್ತಿದೆ. ಎರಡನೇ ಲಾರಿ ಶುರು ಮಾಡಿದೆವು." ಎರಡು ಮೂವತ್ತೈದು. ಮಾಮ್ಮ ಚುಟ್ಟಾವನ್ನು ಬಾಯಿಂದ ತೆಗೆದು ಮರಳಿಗೆ ಒತ್ತಿ, ಉಳಿದ ತುಂಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಮಗನ ಚಹಾ ಲೋಟ ಖಾಲಿಯಾಗಿ ವಾಪಸ್ಸು ಬಂದಿತ್ತು. ಹೋಗುವಾಗ ನನ್ನ ಕಡೆ ನೋಡಿ, ಆಕಾಶದ ಕಡೆ ಕೈ ತೋರಿಸಿ, ಮಳೆ ಬರುವುದಿಲ್ಲ ಎಂಬಂತೆ ತಲೆಯಾಡಿಸಿದರು. ಮಳೆಯ ಚಿಂತೆ ನನಗೆ ಅಲ್ಲಿಯವರೆಗೆ ಬಂದಿರಲೇ ಇಲ್ಲ. ಆಮೇಲೆ ಬಂತು.

ಕೊನೆಯ ಭಾಗ ಸೇದಲಿಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಹೊಗೆ ಬಿಸಿಯಾಗಿ ಕಟುವಾಗುತ್ತದೆ, ಖಾಲಿ ಹೊಟ್ಟೆಯಲ್ಲಿ ತಲೆ ತಿರುಗುತ್ತದೆ. ಸಿಗಾರನ್ನು ಸಿಗರೇಟಿನ ಹಾಗೆ ಹೊಸಕುವುದಿಲ್ಲ, ಹಾಗೆ ಇಟ್ಟರೆ ತಾನಾಗಿ ಆರುತ್ತದೆ. ಮರಳಿನ ಬಕೆಟ್ಟಿನ ಮೇಲೆ ಅಡ್ಡ ಇಟ್ಟೆ. ಒಂದಂಗುಲದ ಬಿಳಿ ಬೂದಿ ಬೀಳದೆ ನಿಂತಿತ್ತು. ಎಲೆ ಉದ್ದುದ್ದ ಇದ್ದು ಕೈಯಿಂದ ಸುತ್ತಿದ್ದರೆ ಬೂದಿ ಹಾಗೆ ನಿಲ್ಲುತ್ತದೆ. ಪುಡಿ ತುಂಬಿದ್ದಾದರೆ ಉದುರುತ್ತದೆ.

ಹೊಸ ಪ್ಲಾಂಟಿನ ಮೊದಲ ಲಾರಿ ಗೇಟಿಗೆ ಬಂದಾಗ ಎರಡು ಐವತ್ತೆರಡು. ನಾನು ಓಡಿದೆ. ಸ್ಲಂಪ್ ಸರಿ ಇತ್ತು, ಉಷ್ಣತೆ 29. ನಮ್ಮ ಮಿತಿ 30. ರಾತ್ರಿ ಎರಡು ಗಂಟೆಗೆ ಎಬ್ಬಿಸಿದ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಲ್ಲಿಂದ ತಂದರೋ ನಾನು ಕೇಳಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು. ಮೂರೂವರೆಗೆ ಎರಡೂ ಪಂಪು ಪೂರ್ತಿ ಓಡುತ್ತಿದ್ದವು. ಅಂಚಿನ ಉದ್ದಕ್ಕೂ ಹೊಸ ಪದರ ಬಿದ್ದು ವೈಬ್ರೇಟರ್ ಹಳೆಯದರೊಳಕ್ಕೆ ಗೇಣುದ್ದ ಇಳಿದದ್ದನ್ನು ನಾನೇ ನಿಂತು ನೋಡಿದೆ. ಆಗಂತೂ ಆ ಹುಡುಗಿ ನನ್ನನ್ನು ಅಲ್ಲಿಂದ ಓಡಿಸಲಿಲ್ಲ.

ಕಡೆಯ ಲಾರಿ ಭಾನುವಾರ ಮಧ್ಯಾಹ್ನ ಮೂರೂ ಕಾಲಿಗೆ ಖಾಲಿಯಾಯಿತು. ಮಳೆ ಬರಲಿಲ್ಲ.

ಸೋಮವಾರ ಮಾಲೀಕರ ಕಡೆಯವರು ಒಬ್ಬರು ಬಂದು, ಇಷ್ಟೊಂದು ಬಿಸಿಯಾಗುತ್ತದೆ ಎನ್ನುತ್ತೀರಿ, ಮೇಲೆ ತಣ್ಣೀರು ಬಿಡಬಾರದೇ ಎಂದು ಕೇಳಿದರು. ಬಿಡಬಾರದು. ಒಳಗೆ ಅರವತ್ತರ ಮೇಲಿರುವಾಗ ಮೇಲ್ಮೈಯನ್ನು ತಣ್ಣಗೆ ಮಾಡಿದರೆ ಆ ಇಪ್ಪತ್ತು ಡಿಗ್ರಿ ಅಂತರ ದಾಟುತ್ತದೆ. ಅದಕ್ಕೇ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಥರ್ಮೊಕೋಲ್, ಅದರ ಮೇಲೆ ಗೋಣಿಚೀಲ ಹೊದಿಸಿ ಮೇಲ್ಮೈಯನ್ನೂ ಬೆಚ್ಚಗಿಡುತ್ತೇವೆ. ಜ್ವರದವನಿಗೆ ಕಂಬಳಿ ಹೊದಿಸುತ್ತೀರಾ ಎಂದು ಅವರು ನಕ್ಕರು. ವಿವರಿಸಿದೆ. ಅರ್ಥವಾಯಿತು ಎಂದರು. ಸಂಜೆ ಅವರ ಮೇಲಿನವರು ಫೋನು ಮಾಡಿ ಅದನ್ನೇ ಕೇಳಿದರು.

ನಡುವಿನ ತಂತಿ ಮಂಗಳವಾರ ರಾತ್ರಿ 66 ಮುಟ್ಟಿತು, ಅಲ್ಲೇ ನಿಂತು ಬುಧವಾರದಿಂದ ಇಳಿಯತೊಡಗಿತು. ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರ ಅಳತೆಗೆ ಬದಲಿಸಿಯೇ ಹೇಳಿದೆ, 151. ಈಗ ಅವರು ಹೊಗೆಸೊಪ್ಪು ಬಿಟ್ಟಿದ್ದಾರೆ, ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ, ಬ್ಯಾರನ್ನಿನಲ್ಲಿ ಸೌದೆ ಮತ್ತು ಹಳೆಯ ಟಿ.ವಿ. ಇದೆ.

"ದಂಟು ಇನ್ನೂ ಹಸಿ ಇದೆ ಕಣಪ್ಪ," ಎಂದರು.

ಭಾವನ ಪೊಟ್ಟಣದಲ್ಲಿ ಇನ್ನೂ ಎರಡು ಉಳಿದಿವೆ. ಎರಡನೆಯ ಕಟ್ಟಡದ ರಾಫ್ಟು ಡಿಸೆಂಬರಿನಲ್ಲಿ. ಎರಡನೆಯ ಪ್ಲಾಂಟಿನ ಗೇಟು ಆ ರಾತ್ರಿ ಎಂಟು ಗಂಟೆಯಿಂದಲೇ ತೆರೆದಿರಬೇಕು, ಬೀಗದ ಕೈ ಇರುವವನು ಅಲ್ಲೇ ಎಚ್ಚರವಾಗಿ ಕೂತಿರಬೇಕು ಎಂದು ಕಾಂಕ್ರೀಟು ಪೂರೈಸುವವರಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ನಾಳೆ ಇನ್ನೊಂದು ಬರೆಯುತ್ತೇನೆ.